ನಿಂಗವ್ವನ ಮೊಣಕಾಲಿನ ಮಷೀನು

ಮೊಣಕಾಲಿಗೆ ಪಟ್ಟಿಯಂತೆ ಕಟ್ಟಿಕೊಳ್ಳುವ ಪುಟ್ಟ ಅಲ್ಟ್ರಾಸೌಂಡ್ ಮಷೀನು ಸಂಧಿವಾತದ ನೋವು ಇಳಿಸುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸವಾಗಿತ್ತು. ಕೌಜಲಗಿಯ ಕುರಿಗಾರರ ಮನೆಯ ನಿಂಗವ್ವನಿಗೂ ಒಂದು ಕೊಟ್ಟಿದ್ದೆ. ಸೊಸೆಯಂದಿರಿದ್ದರೂ ಒಲೆಯ ಮುಂದೆ ಕಾಲು ಮಡಚಿ ಕೂತು ರೊಟ್ಟಿ ಬಡಿಯುವವಳು ಅವಳೇ. ಬೇರೆಯವರು ಬಡಿದದ್ದು ಆ ಮನೆಯ ಗಂಡಸರಿಗೆ ಸೇರುವುದಿಲ್ಲ.

ಮತ್ತೆ ಹೋದಾಗ ಸಂಜೆಯಾಗಿತ್ತು. ನಿಂಗವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಒಳಗೆ ಸೊಸೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ.

"ಯವ್ವಾ, ನೋವು ಹೆಂಗೈತಿ?"

"ಇದ್ದಂಗ ಐತ್ರಿ. ಆದ್ರ ಮಷೀನ್ ಭಾಳ ಚಲೋ ಐತಿ."

ನನಗೆ ಅರ್ಥವಾಗಲಿಲ್ಲ. ಇದನ್ನು ಕಟ್ಟಿಕೊಂಡೇ ಓಡಾಡಬಹುದು, ಮನೆಗೆಲಸವನ್ನೂ ಮಾಡಬಹುದು ಎಂದು ಮತ್ತೊಮ್ಮೆ ಹೇಳತೊಡಗಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಹಗೂರ ಮಾತಾಡ್ರಿ ಅಕ್ಕಾರ. ಇದು ಕಾಲಾಗ ಇರೂತನಕ ಏಳಬಾರದಂತ ಮನ್ಯಾಗ ಹೇಳೇನಿ. ಈ ಮನಿಗೆ ಬಂದಾಗಿಂದ ಹೊತ್ತು ಮುಳುಗೂದನ್ನ ಕುಂತು ನೋಡಿದ್ದಿಲ್ರಿ."

ಹೊರಡುವಾಗ ಅವಳ ಗಂಡ ಅಂಗಳದಲ್ಲಿ ನನ್ನನ್ನು ತಡೆದರು. "ಇದನ್ನ ಕಟ್ಕೊಂಡು ಎದ್ದಾಡಬಾರದೇನ್ರಿ ಬಾಯಾರ?"

ದೊಡ್ಡ ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದೆ. ಇನ್ನೂ ಕೇಳಿಲ್ಲ.