ಒಂಬತ್ತು ಪಾದ

ಅಣ್ಣ ತೀರಿಕೊಂಡ ಸುದ್ದಿ ಬಂದಾಗ ನಾನು ಲಿಂಗಸುಗೂರಿನ ನನ್ನ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಮಸ್ಕಿಯವರೆಗೆ ಬಸ್ಸು ಸಿಕ್ಕಿತು, ಅಲ್ಲಿಂದ ನಮ್ಮೂರು ಬಳಗಾನೂರಿಗೆ ಯಾರದೋ ಜೀಪು. ಗದ್ದೆಗಳಿಗೆ ಕಾಲುವೆ ನೀರು ಬಿಟ್ಟಿದ್ದರು. ರಸ್ತೆಯ ಎರಡೂ ಬದಿ ನೀರೇ ನೀರು.

ಅವನಿಗೆ ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇತ್ತು. ಮೀಟರ್ ಕಡ್ಡಿಯಿಂದ ಅಳೆದು ಕೊಟ್ಟದ್ದನ್ನು ಹಳ್ಳಿಯ ಮುದುಕಿಯರು ಅಲ್ಲೇ ನಿಂತು ಮೊಣಕೈ ಹಚ್ಚಿ ಮತ್ತೊಮ್ಮೆ ಅಳೆಯುತ್ತಿದ್ದರು. ಅವರ ಮೊಳಕ್ಕೆ ಕಡಿಮೆ ಬಿದ್ದರೆ ಅಣ್ಣ ವಾದಕ್ಕೆ ಇಳಿಯುತ್ತಿರಲಿಲ್ಲ, ಒಂದು ಗೇಣು ಹೆಚ್ಚಿಗೆ ಹರಿದು ಕೊಡುತ್ತಿದ್ದ. ಶುಗರ್ ಬಂದು ಎಷ್ಟೋ ವರ್ಷ ಆ ಕೌಂಟರಿನ ಹಿಂದೆ ನಿಂತೇ ಇದ್ದ. ಕಾಲಿನ ಗಾಯ ಮಾಯಲಿಲ್ಲ. ಮೊದಲು ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಮರುವರ್ಷ ಬಲಗಾಲಿನ ಬೆರಳುಗಳ ಜೊತೆಗೆ ಪಾದದ ಮುಂಭಾಗವನ್ನೂ ತೆಗೆದರು. ಕತ್ತರಿಸಿದ್ದನ್ನು ಎಲ್ಲಿ ಹಾಕಿದರು ಎಂದು ಅವ್ವ ಆಸ್ಪತ್ರೆಯಲ್ಲಿ ಎಲ್ಲರನ್ನೂ ಕೇಳಿದಳು.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಕುಣಿಯ ಅಳತೆ ಸತ್ತವರ ಪಾದದ್ದು: ಉದ್ದಕ್ಕೆ ಒಂಬತ್ತು ಪಾದ, ಅಗಲಕ್ಕೆ ಐದು. ನಾನು ಮನೆ ಮುಟ್ಟಿದಾಗ ಕಾಕಾ ಅಣ್ಣನ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ಮೊಂಡು ಪಾದದ ಹಿಮ್ಮಡಿಯಿಂದ ದಾರ ಹಿಡಿದು, ಪಾದ ಮುಗಿದಲ್ಲಿ ಗಂಟು ಹಾಕುತ್ತಿದ್ದ. ಗಂಟು ಒಂದು ಗೇಣಿಗಿಂತ ಈಚೆಗೇ ಬಿತ್ತು.

ಅತ್ತಿಗೆ ಒಳಗಿನಿಂದಲೇ, ಅವರ ಹಳೆಯ ಚಪ್ಪಲಿ ಇದ್ದರೆ ಹುಡುಕಿ ಎಂದಳು. ಕಾಲು ಹೋದ ಮೇಲೆ ಚಪ್ಪಲಿಗಳನ್ನೆಲ್ಲ ಅಣ್ಣನೇ ಯಾರಿಗೋ ಕೊಟ್ಟುಬಿಟ್ಟಿದ್ದ.

ಗದ್ದೆಯ ತೇವಕ್ಕೆ ರುದ್ರಭೂಮಿಯ ಎರೆಮಣ್ಣು ಸಲಿಕೆಗೆ ಅಂಟುತ್ತಿತ್ತು, ಅದಕ್ಕೆ ಜೆಸಿಬಿ ಕರೆಸಿದ್ದರು. ಸಿಂಧನೂರು ಕಡೆಯ ಡ್ರೈವರ್ ದಾರವನ್ನು ನೋಡಿ, ಇದೆಲ್ಲ ತನಗೆ ತಿಳಿಯುವುದಿಲ್ಲ, ಎಷ್ಟು ಮೀಟರ್ ಎಂದು ಹೇಳಿಬಿಡಿ ಅಂದ. ಯಾರೋ ಟೇಪು ತಂದು ದಾರ ಅಳೆದರು. ಟೀಚರ್ ಅಲ್ಲವೇ ಎಂದು ಗುಣಾಕಾರ ನನಗೆ ಬಿಟ್ಟರು. ಉದ್ದ ಒಂದೂವರೆ ಮೀಟರ್ ಕೂಡ ಬರಲಿಲ್ಲ, ಅಗಲ ಮುಕ್ಕಾಲು ಮೀಟರ್. ಅಣ್ಣ ದೊಡ್ಡ ಆಳು. ಇದು ಸಾಲದು, ಎರಡು ಮೀಟರ್ ತೆಗೆಸೋಣ ಅಂದೆ.

"ಮೀಟರ್ ಲೆಕ್ಕ ಅಂಗಡ್ಯಾಗ ಇರಲಿ," ಎಂದ ಕಾಕಾ. "ಹೋಗಾಗ ಎಷ್ಟ್ ಪಾದ ಇತ್ತೋ ಅಷ್ಟಾ ಅವನ ಜಾಗ."

ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು ವಿಭೂತಿ, ಪತ್ರೆ ಜೋಡಿಸುತ್ತಿದ್ದರು. ಹಿರಿಯರ ಮಾತು ನಡೆಯಿತು. ಕುಣಿ ಅಷ್ಟಕ್ಕೇ ಆಯಿತು.

ಇಳಿಹೊತ್ತಿಗೆ ಅಣ್ಣನನ್ನು ತಂದರು. ಎಡಗಾಲು ಇಲ್ಲದ ಕಡೆ ವಾಲಬಾರದೆಂದು ಪಂಚೆಯೊಂದನ್ನು ಸುರುಳಿ ಸುತ್ತಿ ಆಸರೆ ಕೊಟ್ಟಿದ್ದರು. ಕೆಳಗೆ ಇಬ್ಬರು ನಿಂತು ಇಳಿಸಿಕೊಂಡರು. ಅರ್ಧದಲ್ಲಿ ಮೊಣಕಾಲು ಮಣ್ಣಿಗೆ ತಾಗಿ ಅವನು ಸಿಕ್ಕಿಕೊಂಡ. ಒಬ್ಬ ಭುಜ ಒತ್ತಿದ, ಇನ್ನೊಬ್ಬ ಮೊಣಕಾಲು ಮಡಚಲು ನೋಡಿದ. ಆಗಲಿಲ್ಲ. ಹಣೆಯ ವಿಭೂತಿಗೆ ಕೆಸರು ಮೆತ್ತಿತು. ಅತ್ತಿಗೆ ಕೂತಲ್ಲೇ ಮುಖ ತಿರುಗಿಸಿಕೊಂಡಳು. ಕಡೆಗೆ ಅವನನ್ನು ಮೇಲಕ್ಕೆ ಎಳೆದು, ದಂಡೆಯ ಮೇಲೆ ಚಾಪೆ ಹಾಸಿ ಕೂರಿಸಿದರು. ಅಣ್ಣನ ಮಗಳು ಹಿಂದೆ ಕೂತು ಎರಡೂ ಕೈಯಿಂದ ಅಪ್ಪನ ಬೆನ್ನು ಹಿಡಿದಳು.

ಈಗ ಎಷ್ಟು ಅಗಲ ಮಾಡಬೇಕು ಎಂಬ ಮಾತು ಎದ್ದಿತು. ಊಹೆ ಮಾಡಿ ತೋಡಿದ ಕುಣಿ ಯಾರದೂ ಆಗುವುದಿಲ್ಲ ಎಂದು ಕಾಕಾ ಹಟ ಹಿಡಿದ. ಅವನ ಕಣ್ಣಲ್ಲೂ ನೀರಿತ್ತು. ರಕ್ತ ಹಂಚಿಕೊಂಡವರ ಪಾದ ಆದೀತು ಎಂದು ಅಯ್ಯನವರು ಮೆಲ್ಲಗೆ ಹೇಳಿದರು. ಎಲ್ಲರ ಕಣ್ಣು ಅಣ್ಣನ ಮಗಳ ಕಾಲಿನ ಮೇಲೆ ಹೋಯಿತು. ಆ ಹುಡುಗಿ ಕಾಲನ್ನು ಲಂಗದೊಳಗೆ ಎಳೆದುಕೊಂಡದ್ದನ್ನು ನಾನು ನೋಡಿದೆ.

"ನಂದು ತಗೋರಿ," ಅಂದೆ. ಕಾಲೇಜಿಗೆ ಹೋಗುವಾಗ ಅಣ್ಣನ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದವಳು ನಾನು. ಹೆಣ್ಣಿಗೆ ಇಷ್ಟು ದೊಡ್ಡ ಕಾಲೇ ಎಂದು ಊರೆಲ್ಲ ನಗುತ್ತಿತ್ತು.

ಅವ್ವ ಎದ್ದು ಬಂದು ನನ್ನ ರಟ್ಟೆ ಹಿಡಿದಳು. "ಜೀವ ಇದ್ದಾಕಿ ಕಾಲು ಕುಣಿಗೆ ಹಚ್ಚಬ್ಯಾಡ್ರಿ. ಒಬ್ಬವ ಹೋಗ್ಯಾನ, ಸಾಲದೇನು?"

ನಾನು ಅವ್ವನ ಕೈ ಬಿಡಿಸಿಕೊಂಡೆ. ಬರಿಗಾಲನ್ನು ಹಸಿ ಮಣ್ಣಿನ ಮೇಲೆ ಊರಿದೆ. ಕಾಕಾ ಹೊಸ ದಾರ ಹಿಡಿದು ಬಗ್ಗಿದ. ಗಂಟು ಎರಡು ಸಲ ತಪ್ಪಿತು. ಈ ಸಲ ಟೇಪು ಯಾರೂ ತರಲಿಲ್ಲ, ದಾರವನ್ನೇ ಮಣ್ಣಿನ ಮೇಲೆ ಉದ್ದಕ್ಕೆ ಒಂಬತ್ತು ಸಲ, ಅಗಲಕ್ಕೆ ಐದು ಸಲ ಹಾಸಿ ಗೆರೆ ಎಳೆದರು. ಜೆಸಿಬಿ ಹೋಗಿಯಾಗಿತ್ತು. ಕೈಯಿಂದಲೇ ಅಗೆದರು. ಅಗಲವಾದಂತೆ ತಳದಲ್ಲಿ ನೀರು ಜಿನುಗತೊಡಗಿತು. ಉಪ್ಪು ಸುರಿದರು, ವಿಭೂತಿ ಸುರಿದರು, ಬಿಲ್ವಪತ್ರೆ ಹಾಸಿದರು. ಪತ್ರೆ ತೇಲಿತು. ಅಣ್ಣನನ್ನು ಆ ನೀರಿನಲ್ಲಿಯೇ ಕೂರಿಸಿದರು. ಈ ಸಲ ಎಲ್ಲಿಯೂ ತಾಗಲಿಲ್ಲ.

ಆಮೇಲೆ ಅವ್ವ ನನ್ನೊಂದಿಗೆ ಮಾತು ಬಿಟ್ಟಳು. ಹೋದರೆ ನೀರು ಕೊಡುತ್ತಿದ್ದಳು, ಒಳಗೆ ಹೋಗುತ್ತಿದ್ದಳು.

ಮನೆಯವರೆಲ್ಲ ರಕ್ತ ತಪಾಸಣೆ ಮಾಡಿಸಿ ಎಂದು ಅಣ್ಣನ ಡಾಕ್ಟರು ಹೇಳಿದ್ದರು. ನಾನು ತಡಮಾಡಿ, ಲಿಂಗಸುಗೂರಿನಲ್ಲಿ ಮಾಡಿಸಿದೆ. ನನಗೂ ಶುಗರ್ ಇತ್ತು, ಚೆನ್ನಾಗಿಯೇ ಏರಿತ್ತು. ಕುಣಿಗೆ ಕಾಲು ಕೊಟ್ಟದ್ದಕ್ಕೇ ಬಂತು ಎಂದು ಅವ್ವ ತಿಳಿದಾಳೆಂದು ಮುಚ್ಚಿಟ್ಟೆ. ನೀನೂ ಮಾಡಿಸು ಎಂದು ಅಣ್ಣನ ಮಗಳಿಗೆ ಮಾತ್ರ ಹೇಳಿದ್ದೆ, ಅವಳ ಬಾಯಿಂದ ಅದು ಅವ್ವನಿಗೆ ಮುಟ್ಟಿತು.

ಮುಂದಿನ ಸಲ ಹೋದಾಗ ಅವ್ವ ನೀರು ಕೊಟ್ಟು ಒಳಗೆ ಹೋಗಲಿಲ್ಲ, ಗೋಡೆಗೆ ಒರಗಿ ಕೂತಳು. ಅದು ಮೊದಲೇ ಇತ್ತಂತೆ ಅವ್ವ, ಅವತ್ತಿನದಲ್ಲ ಎಂದು ನಾನೇ ಹೇಳಿದೆ.

"ಗೊತ್ತೈತಿ," ಅಂದಳು. "ನಿಮ್ಮಪ್ಪಗೂ ಇತ್ತು. ಆವಾಗ ಹೆಸರು ಗೊತ್ತಿರಲಿಲ್ಲ."

ಎದ್ದು ಊಟಕ್ಕೆ ಹಾಕಿದಳು. ಎಲ್ಲರ ತಾಟಿಗೆ ಅನ್ನ ಬಿತ್ತು. ನನ್ನ ತಾಟಿಗೆ ಅರ್ಧ ರೊಟ್ಟಿ ಇಟ್ಟು, ಅನ್ನದ ಪಾತ್ರೆಯನ್ನು ಆಚೆ ಸರಿಸಿದಳು.