ದೊಡ್ಡಮ್ಮನ ಮೂಗು ಮತ್ತು ಸಂರಕ್ಷಣಾ ಸಂಘ

ತಿಪಟೂರಿನಲ್ಲಿ ನಮ್ಮ ದೊಡ್ಡಪ್ಪನ ಮನೆಯ ಹಿತ್ತಲಿಗೆ ಹೋದವರು ಮೊದಲು ಬೆಚ್ಚಿಬೀಳುತ್ತಿದ್ದರು, ಆಮೇಲೆ ನಗುತ್ತಿದ್ದರು. ಕೊಬ್ಬರಿ ಮಂಡಿಯನ್ನು ಮಗನಿಗೆ ವಹಿಸಿದ ಮೇಲೆ ದೊಡ್ಡಪ್ಪನಿಗೆ ಹೊತ್ತು ಹೋಗದೆ, ಹಿತ್ತಲ ತುಂಬ ಸಿಮೆಂಟಿನ ಗೊಂಬೆಗಳನ್ನು ಮಾಡಿ ನಿಲ್ಲಿಸಿದ್ದರು. ಸೀಟಿ ಕಚ್ಚಿಕೊಂಡ ಬಸ್ ಕಂಡಕ್ಟರು, ಬಳೆಚೂರಿನ ಪಟ್ಟೆಯ ಹುಲಿ, ಸೋಡಾ ಗೋಲಿಯ ಕಣ್ಣಿನ ಪೊಲೀಸು, ಯಾಕೋ ಏನೋ ಕನ್ನಡಕ ಹಾಕಿಕೊಂಡ ಹೋರಿ. ಅಮ್ಮಸಂದ್ರದ ಸಿಮೆಂಟು ಕಾರ್ಖಾನೆ ಪಕ್ಕದಲ್ಲೇ ಇದ್ದರೂ ಸಿಮೆಂಟಿಗೆ ಪರ್ಮಿಟ್ಟು ಬೇಕಾಗಿದ್ದ ಕಾಲ. ಅದಕ್ಕೇ ಪ್ರತಿ ತಲೆಯೊಳಗೂ ಅಟ್ಟದ ಮೇಲಿನ ಒಣಗಿದ ತೆಂಗಿನಕಾಯಿ ಇಟ್ಟು, ಮೇಲೆ ತೆಳ್ಳಗೆ ಸಿಮೆಂಟು ಮೆತ್ತುತ್ತಿದ್ದರು. ನಮ್ಮೂರಲ್ಲಿ ಕಾಯಿಗೇನು ಬರವೇ?

ದೊಡ್ಡಮ್ಮನಿಗೆ ಒಂದೇ ಕೊರಗು. ನಾನು ಪಕ್ಕದ ಬೀದಿಯ ಶಾಲೆಯಲ್ಲಿ ಮೇಡಂ ಆಗಿದ್ದೆ, ಸಾಯಂಕಾಲದ ಕಾಫಿ ಅವರ ಮನೆಯಲ್ಲೇ. ಹೋದಾಗಲೆಲ್ಲ ಸೌಟು ಆಡಿಸುತ್ತ ಹೇಳುತ್ತಿದ್ದರು: "ಊರಿನೋರ್ನೆಲ್ಲ ಮಾಡವ್ರೆ ಕಣೇ. ಚಿಲ್ಲರೆ ಕೊಡದ ಆ ಕಂಡಕ್ಟರನ್ನೂ ಮಾಡವ್ರೆ. ಕಟ್ಕೊಂಡೋಳು ಮಾತ್ರ ಕಣ್ಣಿಗೆ ಬಿದ್ದಿಲ್ಲ."

ಕೊನೆಗೂ ದೊಡ್ಡಪ್ಪ ಅವರನ್ನು ಮಾಡಲು ಹೊರಟರು. ಹೇಳದೆ ಕೇಳದೆ, ಹಿತ್ತಲ ಬಾಗಿಲಿಗೆ ಚಿಲಕ ಹಾಕಿಕೊಂಡು. ತಲೆಗೆ ಅಟ್ಟದ ಕಾಯಿ ಬೇಡವೆಂದರಂತೆ. "ಹೆಂಡ್ತಿ ತಲೆಗೆ ಒಣಕಾಯಿ ಇಕ್ಕಿ ಮನೇಲಿ ಬಾಳಕ್ಕಾಯ್ತದಾ?" ಎಂದು ಬಾವಿಯ ಪಕ್ಕದ ಮರದಿಂದ ಒಳ್ಳೇ ಬಲಿತ ಕಾಯಿ ಕೀಳಿಸಿ, ಸುಲಿಯದೆ ಹಾಗೇ ಇಟ್ಟರು.

ಬಾಗಿಲು ತೆರೆದಾಗ ಹಸಿರು ಬಳೆಚೂರಿನ ಸೀರೆ ಉಟ್ಟ ದೊಡ್ಡಮ್ಮ ನಿಂತಿದ್ದರು. ನಿಜವಾದ ದೊಡ್ಡಮ್ಮ ಅದನ್ನು ಕೆಳಗಿಂದ ಮೇಲಕ್ಕೆ ನೋಡುತ್ತ ಬಂದವರು ಮುಖಕ್ಕೆ ಬಂದು ನಿಂತರು.

"ಶಿವ ಶಿವಾ! ಇದೇನ್ರೀ ಮೂಗೋ, ಬೋಂಡಾನೋ?"

"ಮೂಗೇ ಕಣೇ."

"ಇಷ್ಟು ವರ್ಷ ಎದುರಿಗೇ ಕೂತು ಮುದ್ದೆ ಉಂಡಿದ್ದೀರಲ್ಲ, ಒಂದು ದಿನಾನಾದ್ರೂ ತಲೆ ಎತ್ತಿ ನನ್ನ ಮುಖ ನೋಡಿದ್ದೀರಾ?" ಎಂದವರೇ ಒಳಗೆ ಹೋಗಿ ಅಡುಗೆಮನೆ ಮೂಲೆಯಲ್ಲಿ ಕೂತು ಅತ್ತುಬಿಟ್ಟರು. ನನಗೆ ನಗು ಬಂದಿತ್ತು, ಆ ಅಳು ನೋಡಿ ನುಂಗಿಕೊಂಡೆ. ದೊಡ್ಡಪ್ಪ ಬಾಗಿಲಲ್ಲಿ ನಿಂತು, "ನಾಳೆ ಸರಿ ಮಾಡ್ತೀನಿ ಬುಡು," ಎಂದರು.

ಆ ನಾಳೆಗೆ ಮೊದಲೇ ಸಂಘ ಹುಟ್ಟಿತು. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಬಹಳ ದಿನದಿಂದ ಇದು ಜನಪದ ಕಲೆ, ಕಾಪಾಡದಿದ್ದರೆ ಊರಿಗೇ ಅವಮಾನ ಎಂದು ಕುಣಿಯುತ್ತಿದ್ದರು. ಅಂದು ಸಾಯಂಕಾಲ ಜನ ಸೇರಿಸಿಯೇಬಿಟ್ಟರು. ಲಾಭದ ಆಸೆಯಿಲ್ಲದ ಸಂಘ. ಕಾಫಿ ಮಾತ್ರ ದೊಡ್ಡಮ್ಮನದು. ಇನ್ನೊಂದು ಮಂಡಿಯ ಸಾಹುಕಾರರು ಅಧ್ಯಕ್ಷರು. ಮೇಷ್ಟ್ರೊಬ್ಬರನ್ನು ಬಿಟ್ಟರೆ ಉಳಿದವರೆಲ್ಲ ತೆಂಗಿನ ತೋಟದವರು. ಅಕ್ಷರ ದುಂಡಗಿದೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಮೊದಲ ಠರಾವು: ಯಾವ ಗೊಂಬೆಯನ್ನೂ ಯಾರೂ ಮುಟ್ಟಕೂಡದು.

ಬೆಳಿಗ್ಗೆ ದೊಡ್ಡಪ್ಪ ಕರಣೆ ಹಿಡಿದು ಮೂಗಿನ ಹತ್ತಿರ ಹೋದರೆ, ಮೇಷ್ಟ್ರು ಸಂಘ ರಾತ್ರಿಯೇ ಕಟ್ಟಿದ್ದ ನಾರಿನ ಹಗ್ಗದ ಬೇಲಿ ಹಾರಿ ಓಡಿಬಂದರು.

"ಯಜಮಾನ್ರೇ, ಕೈ ಹಚ್ಚಬೇಡಿ! ಇದು ಕಲೆ!"

"ನನ್ನ ಹೆಂಡ್ತಿ ಮೂಗು ಕಣಪ್ಪ."

"ನಿನ್ನೆವರೆಗೆ. ಇವತ್ತಿಂದ ಸಂಘದ್ದು."

ಹೇಗೆ ಕಾಪಾಡಬೇಕು ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. "ಸಿಮೆಂಟಿಗೆ ನೀರು ಹೊಡದಷ್ಟೂ ಗಟ್ಟಿ," ಎಂದರು ಅಧ್ಯಕ್ಷರು. ಸರಿ, ಸದಸ್ಯರು ಸರದಿಯಂತೆ ಬಂದು ಬಾವಿ ಸೇದಿ ಎಲ್ಲ ಗೊಂಬೆಗಳಿಗೂ ತಲೆಸ್ನಾನ ಮಾಡಿಸತೊಡಗಿದರು. ಹೊಸ ಸಿಮೆಂಟಿಗೆ ಕೆಲವು ದಿನ ಹೊಡೆದರೆ ಸಾಕು. ಆದರೆ ನಿಲ್ಲಿಸಿ ಎಂದು ಠರಾವು ಆಗಿರಲಿಲ್ಲವಲ್ಲ, ತಿಂಗಳುಗಟ್ಟಲೆ ಹೊಯ್ದರು. ಮಳೆ ಬಂದ ದಿನ ಛತ್ರಿ ಹಿಡಿದುಕೊಂಡು ಬಂದು ಹೊಯ್ದರು. ದೊಡ್ಡಮ್ಮ ಕಿಟಕಿಯಿಂದ ಕೂಗುತ್ತಿದ್ದರು, "ಮೂಗಿಗೆ ಮಾತ್ರ ಹುಯ್ಯಬೇಡ್ರಪ್ಪಾ, ಇನ್ನೂ ಊದಿಕೊಳ್ತದೆ!"

ಒಂದು ಬೆಳಿಗ್ಗೆ ದೊಡ್ಡಮ್ಮ ಕಿರುಚಿಕೊಂಡಿದ್ದು ನಮ್ಮ ಬೀದಿಗೂ ಕೇಳಿಸಿತು. ಓಡಿಹೋಗಿ ನೋಡಿದರೆ ದೊಡ್ಡಮ್ಮನ ಗೊಂಬೆಯ ನೆತ್ತಿ ಸೀಳಿದೆ, ಹಣೆಯಿಂದ ಮೂಗಿನವರೆಗೂ ಬಿರುಕು. ಸೀಳಿನಿಂದ ಹಸಿರು ಮೊಳಕೆಯೊಂದು ಜುಟ್ಟಿನ ಹಾಗೆ ನೆಟ್ಟಗೆ ನಿಂತಿದೆ.

ತುರ್ತು ಸಭೆ ಹಿತ್ತಲಲ್ಲೇ ಸೇರಿತು. ಮೇಷ್ಟ್ರು, "ಮೊಳಕೆ ಕಿತ್ತುಹಾಕಿ ಬಿರುಕು ಮುಚ್ಚೋಣ," ಎಂದಿದ್ದೇ ತಡ, ಇಡೀ ಸಂಘ ಅವರ ಮೇಲೆ ಬಿತ್ತು.

"ಏನಂದ್ರಿ? ಮೊಳಕೆ ಬಂದ ತೆಂಗು ಕೀಳೋದಾ?" ಅಧ್ಯಕ್ಷರು ಎದ್ದೇ ನಿಂತರು. "ಹೆತ್ತ ಮಗ ಕೈಬಿಟ್ರೂ ನೆಟ್ಟ ತೆಂಗು ಕೈಬಿಡಲ್ಲ ಕಣ್ರೀ!"

"ಕಲೆ, ಸ್ವಾಮಿ, ಕಲೆ!"

"ಕಲೆ ಕಾಯಿ ಬುಡ್ತದಾ?"

ಅಲ್ಲಿಂದ ಮುಂದೆ ಕಲೆಯ ಮಾತೇ ಇಲ್ಲ. ಗುಂಡಿ ಎಷ್ಟು ಆಳ ತೆಗೆಯಬೇಕು, ಬುಡಕ್ಕೆ ಉಪ್ಪು ಹಾಕಬೇಕೋ ಬೂದಿಯೋ ಎಂದು ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಯಿತು. ಕಡೆಗೆ ಠರಾವಾಯಿತು: ತಲೆ ಒಡೆದು ಸಸಿ ತೆಗೆಯುವುದು, ಮಾಡಿದವರೇ ಹೊಸ ತಲೆ ಮಾಡುವುದು. ದೊಡ್ಡಮ್ಮ ಬಾಗಿಲಲ್ಲಿ ನಿಂತು ಇನ್ನೊಂದು ಸಾಲು ಸೇರಿಸಿದರು: "ಈ ಸಲ ನಾನು ಎದುರಿಗೆ ಕೂರ್ತೀನಿ. ನೋಡ್ಕೊಂಡು ಮಾಡ್ಲಿ."

ರೇಷ್ಮೆ ಸೀರೆ ಉಟ್ಟು, ಪೌಡರು ಹಚ್ಚಿ ಕುರ್ಚಿಯಲ್ಲಿ ಕೂತರು. ದೊಡ್ಡಪ್ಪ ಕರಣೆ ಕೆಳಗಿಟ್ಟು ಸುಮ್ಮನೆ ನೋಡುವರು. ದೊಡ್ಡಮ್ಮ ನಾಚಿ ತಲೆ ತಗ್ಗಿಸುವರು. "ಅಲ್ಲಾಡಬ್ಯಾಡ ಕಣೇ," ಎಂದು ಇವರು ಗದರುವರು.

ಮುಖ ಮುಗಿದ ದಿನ ಸಂಘವೆಲ್ಲ ಬಂದು ನಿಂತಿತು. ಅಧ್ಯಕ್ಷರು ಕೆಮ್ಮಿದರು. ಅದೇ ಮೂಗು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಅದೇ ಬೋಂಡ. ನಾನು ಗೊಂಬೆಯನ್ನು ನೋಡಿದೆ, ದೊಡ್ಡಮ್ಮನನ್ನು ನೋಡಿದೆ, ಮತ್ತೆ ಗೊಂಬೆಯನ್ನು ನೋಡಿದೆ. ಅಯ್ಯೋ ದೇವರೇ!

ದೊಡ್ಡಮ್ಮ ಒಳಗೆ ನಡೆದರು. ನಾನೂ ಹಿಂದೆ ಹೋದೆ. ಮೊಳೆಗೆ ಹಾಕಿದ್ದ ಕನ್ನಡಿ ತೆಗೆದು ನೇರ ನೋಡಿಕೊಂಡರು, ಓರೆಯಾಗಿ ನೋಡಿಕೊಂಡರು, ಬೆಳಕಿಗೆ ಹೋಗಿ ನೋಡಿಕೊಂಡರು.

"ಲೇ, ನಿಜ ಹೇಳು. ನನ್ನ ಮೂಗು ಹಿಂಗೇ ಐತೇನೇ?"

"ಹೂಂ ದೊಡ್ಡಮ್ಮ."

ಸೆರಗಿನಿಂದ ಕನ್ನಡಿ ಒರೆಸಿ ಮತ್ತೆ ಮೊಳೆಗೆ ಹಾಕಿದರು.

"ಹಂಗಾದ್ರೆ ನನ್ನ ಮುಖ ನೋಡವ್ರೆ ಬುಡು," ಎಂದು, ದೊಡ್ಡಪ್ಪನಿಗೆ ಕಾಫಿ ಬೆರೆಸಲು ಹೋದರು.