ಲಸ್ಕರ್ ಎರ್ರಿಯಪ್ಪನ ಅನುಮಾನ

ತುಂಗಭದ್ರಾ ಕಾಲುವೆಯ ಮೇಲೆ ಮೂವತ್ತೊಂದು ವರ್ಷ ಲಸ್ಕರ್ ಆಗಿದ್ದ ಎರ್ರಿಯಪ್ಪನಿಗೆ ಯಾರನ್ನೂ ನಂಬುವ ಅಭ್ಯಾಸವಿರಲಿಲ್ಲ. ತೂಬಿನ ಬಾಗಿಲು ಏರಿಸುವುದು, ಇಳಿಸುವುದು, ಏರಿಯ ಮೇಲೆ ಓಡಾಡುತ್ತ ಯಾರು ಕದ್ದು ಪೈಪು ಇಳಿಸಿದ್ದಾರೆಂದು ನೋಡುವುದು ಅವನ ನೌಕರಿ. ನಗುನಗುತ್ತ ಕರೆದು ಚಹಾ ಕುಡಿಸಿದವನ ಗದ್ದೆಯ ಬದುವಿನಲ್ಲೇ ಹುಲ್ಲು ಮುಚ್ಚಿದ ಪೈಪು ಸಿಕ್ಕಿದ್ದನ್ನು ಎಷ್ಟೋ ಸಲ ಕಂಡಿದ್ದ. ಹೀಗಾಗಿ ಯಾರಾದರೂ ಪುಕ್ಕಟೆ ಏನಾದರೂ ಕೊಟ್ಟರೆ, ಅವನ ಕಣ್ಣು ಮೊದಲು ಕೊಟ್ಟವನ ಇನ್ನೊಂದು ಕೈಯನ್ನು ಹುಡುಕುತ್ತಿತ್ತು.

ನಿವೃತ್ತಿಯಾದ ಮೇಲೆ ಟಿ.ಬಿ. ಡ್ಯಾಂನ ಕ್ವಾರ್ಟರ್ಸ್ ಬಿಟ್ಟು ಅಲ್ಲೇ ಹತ್ತಿರ ಎರಡು ಕೋಣೆಯ ಸ್ವಂತ ಮನೆಗೆ ಬಂದ. ಮಗಳು ಮದುವೆಯಾಗಿ ಗಂಗಾವತಿಯಲ್ಲಿದ್ದಳು. ಹೆಂಡತಿ ಹಂಪಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಅವಳು ಮಾತು ತೆಗೆದಳು.

“ತಂದಿ ತಾಯಿ ಇಲ್ಲದ ಮಕ್ಕಳನ್ನ ಮನ್ಯಾಗ ಇಟ್ಕೊಂಡು ಸಾಕಬಹುದಂತ್ರಿ. ದತ್ತಕ ಅಲ್ಲ. ಮಕ್ಕಳ ಕಲ್ಯಾಣ ಸಮಿತಿಯೋರು ಬಂದು ಮನಿ ನೋಡಿ ಒಪ್ಪಿಸ್ತಾರ. ಹದಿನೆಂಟು ತುಂಬೋತನ ನಾವು ನೋಡ್ಕೊಂತೀವಿ.”

“ಯಾರ ಮಗೂನೋ ಏನೋ. ನಾಳೆ ಯಾರಾರ ಬಂದು, ಕದ್ಕೊಂಡು ಬಂದೀರಿ ಅಂದ್ರ?”

ಹಂಪಮ್ಮ ವಾದ ಮಾಡಲಿಲ್ಲ. ಇನ್ನೊಂದು ರೊಟ್ಟಿ ಹಾಕಿದಳು. ನಾಲ್ಕು ತಿಂಗಳು ಹೀಗೆಯೇ ರೊಟ್ಟಿ ಹಾಕುತ್ತ ಹಾಕುತ್ತ ಒಪ್ಪಿಸಿದಳು.

ಬಂದವಳು ಸಂಡೂರಿನ ಸ್ಫೂರ್ತಿ, ಹನ್ನೆರಡು ವರ್ಷ. ತಾಯಿ ಕಾಮಾಲೆಯಾಗಿ ತೀರಿಹೋಗಿದ್ದಳು. ಅದಿರಿನ ಲಾರಿಗೆ ಕ್ಲೀನರ್ ಆಗಿದ್ದ ತಂದೆ ಒಮ್ಮೆ ಹೋದವನು ತಿರುಗಿ ಬಂದಿರಲಿಲ್ಲ. ಹುಡುಗಿ ಮೂರು ದಿನ ಬಾಗಿಲ ಪಕ್ಕದಲ್ಲೇ ಕುಳಿತಳು, ಕೈಚೀಲ ತೊಡೆಯ ಮೇಲಿಂದ ಇಳಿಸಲಿಲ್ಲ. ಕೊಟ್ಟ ರೊಟ್ಟಿಯಲ್ಲಿ ಅರ್ಧ ತಿಂದು ಅರ್ಧ ಬಟ್ಟೆಯ ನಡುವೆ ಮುಚ್ಚಿಡುತ್ತಿದ್ದಳು. ಮಾತಾಡಿಸಿದರೆ ಹುಬ್ಬಿನ ಕೆಳಗಿಂದ ನೋಡುತ್ತಿದ್ದಳು. ಆ ನೋಟ ಎರ್ರಿಯಪ್ಪನಿಗೆ ಚೆನ್ನಾಗಿ ಗೊತ್ತಿದ್ದ ನೋಟ. ಅವನೂ ಜನರನ್ನು ನೋಡುತ್ತಿದ್ದದ್ದು ಹಾಗೆಯೇ.

ಎರಡನೆಯ ತಿಂಗಳು ಹೊಸಪೇಟೆಯ ಒಂದು ಟ್ರಸ್ಟಿನಿಂದ ಸುನಿತಾ ಎಂಬಾಕೆ ಬಂದಳು. ಕಾಲೇಜೊಂದರಲ್ಲಿ ಗ್ರಂಥಪಾಲಕಿ. ರಜೆಯ ದಿನಗಳಲ್ಲಿ ಇಂಥ ಮಕ್ಕಳ ಮನೆಮನೆಗೆ ಹೋಗಿ ಬರುತ್ತಿದ್ದಳು. ಆರನೇ ಕ್ಲಾಸಿನ ಸ್ಫೂರ್ತಿಗೆ ಎರಡನೇ ಕ್ಲಾಸಿನ ಪುಸ್ತಕವೂ ಓದಲು ಬಾರದು ಎಂಬುದನ್ನು ಮೊದಲು ಕಂಡುಹಿಡಿದವಳು ಅವಳೇ. ವಾರದೊಳಗೆ ಓದಲು ಒಂದು ಮೇಜು ಬಂತು, ಶಾಲೆಯ ಚೀಲ ಬಂತು, ವಾರಕ್ಕೆ ಮೂರು ಸಂಜೆ ಅಕ್ಷರ ತಿದ್ದಿಸಲು ಒಬ್ಬ ಟೀಚರ್ ಬರತೊಡಗಿದರು.

ಎರ್ರಿಯಪ್ಪ ಮೇಜನ್ನು ಬೋರಲು ಹಾಕಿ ಕೆಳಭಾಗ ನೋಡಿದ. ಏನೂ ಇರಲಿಲ್ಲ. ಮೇಲೆ ಟ್ರಸ್ಟಿನ ಹೆಸರಿನ ಸ್ಟಿಕರ್ ಇತ್ತು. ಅದನ್ನು ಕುಡುಗೋಲಿನಿಂದ ಕೆರೆದು ತೆಗೆದ. ಮುಂದಿನ ಸಲ ಬಂದಾಗ ಸುನಿತಾ ಆ ಕೆರೆದ ಗುರುತನ್ನು ನೋಡಿದಳು. ಆಮೇಲೆ ಬಂದ ಯಾವ ವಸ್ತುವಿನ ಮೇಲೂ ಸ್ಟಿಕರ್ ಇರಲಿಲ್ಲ. ಅದು ಅವನ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು.

ಹೊಸಪೇಟೆಯ ಟ್ರಸ್ಟ್ ಕಚೇರಿಯಲ್ಲಿ ಒಬ್ಬ ಆಪ್ತ ಸಮಾಲೋಚಕಿ ತಿಂಗಳಿಗೆರಡು ಸಲ ಸ್ಫೂರ್ತಿಯನ್ನು ಕೂರಿಸಿಕೊಂಡು ಮಾತಾಡುತ್ತಿದ್ದರು. ಬಾಗಿಲು ಮುಚ್ಚಿರುತ್ತಿತ್ತು. ಎರ್ರಿಯಪ್ಪ ಕಿಟಕಿಯ ಹೊರಗೆ ಬೀಡಿ ಸೇದುವವನಂತೆ ನಿಂತು ಕಿವಿ ಕೊಟ್ಟ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಕೊನೆಗೆ ಹುಡುಗಿ ಅತ್ತದ್ದು ಕೇಳಿಸಿತು. ಒಳಗೆ ನುಗ್ಗಿಬಿಡಬೇಕೆನ್ನಿಸಿತು. ಆದರೆ ಹೊರಬಂದ ಸ್ಫೂರ್ತಿ ಬಸ್‌ ಸ್ಟ್ಯಾಂಡಿನಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದಳು: “ತಾತ, ಮಿರ್ಚಿ ಕೊಡಸ್ತೀರೇನು?” ಅವನು ಮೂರು ಕೊಡಿಸಿದ. ಮೂರನ್ನೂ ತಿಂದಳು. ಏನನ್ನೂ ಮುಚ್ಚಿಡಲಿಲ್ಲ.

ಅವನ ಅನುಮಾನ ಒಮ್ಮೆ ನಿಜವೂ ಆಯಿತು. ಜಂಬುನಾಥ ಎಂಬ ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕ ಟ್ರಸ್ಟಿನ ಮಕ್ಕಳಿಗೆ ಸೈಕಲ್ ಕೊಡುತ್ತೇನೆಂದು ಸಭೆ ಕರೆದಿದ್ದ. ವೇದಿಕೆಗೆ ಸ್ಫೂರ್ತಿಯನ್ನು ಕರೆಸಿ, ಅವಳ ಹೆಗಲ ಮೇಲೆ ಕೈಯಿಟ್ಟು, ಫೋಟೋದವನ ಕಡೆ ತಿರುಗಿಸಿದ. “ಅನಾಥ ಮಗು, ಸ್ವಲ್ಪ ಮುಂದ ನಿಲ್ಲಮ್ಮ” ಎಂದ. ಎರ್ರಿಯಪ್ಪ ದಡದಡನೆ ಮೆಟ್ಟಿಲು ಹತ್ತಿ ಹುಡುಗಿಯ ಕೈ ಹಿಡಿದು ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡ.

“ಯಾವನಯ್ಯ ನೀನು?” ಎಂದ ಜಂಬುನಾಥ.

“ಈಕಿ ಮನಿಯಾವ. ಅನಾಥ ಅಂತ ಯಾರಿಗಂದ್ರಿ?”

ಸುನಿತಾ ಓಡಿಬಂದಳು. ತನ್ನನ್ನೇ ಬೈಯುತ್ತಾಳೆಂದುಕೊಂಡ ಎರ್ರಿಯಪ್ಪ. ಅವಳು ಗಿರಣಿ ಮಾಲೀಕನ ಕಡೆ ತಿರುಗಿ, “ಸರ್, ಮೊದ್ಲೇ ಹೇಳಿದ್ವಿ. ಈ ಮಕ್ಕಳ ಫೋಟೋ ತೆಗಿಯಂಗಿಲ್ಲ, ಕಾನೂನು ಒಪ್ಪಂಗಿಲ್ಲ. ಫೋಟೋ ಬೇಕಂದ್ರ ಸೈಕಲ್ ಬ್ಯಾಡ್ರಿ” ಎಂದಳು. ಮಾಲೀಕ ಸಿಟ್ಟಾಗಿ ಸೈಕಲ್‌ಗಳನ್ನು ವಾಪಸ್ ಹೊರಿಸಿಕೊಂಡು ಹೋದ. ಹದಿನೈದು ದಿನಕ್ಕೆ ಬೇರೆ ಯಾರೋ ಕೊಟ್ಟ ಸೈಕಲ್ ಮನೆಗೆ ಬಂತು. ಕೊಟ್ಟವರು ಹೆಸರು ಹೇಳುವುದು ಬೇಡ ಎಂದಿದ್ದರಂತೆ. “ಹೆಸರು ಹೇಳಾಕ ಯಾಕ ಅಂಜ್ತಾರ?” ಎಂದು ಎರ್ರಿಯಪ್ಪ ಚೈನು, ಬ್ರೇಕು ಎಲ್ಲ ಬಿಚ್ಚಿ ನೋಡಿದ.

ಮರುವರ್ಷ ಮನೆಯಲ್ಲಿ ಸಣ್ಣಪುಟ್ಟ ವಸ್ತು ಕಾಣೆಯಾಗತೊಡಗಿದವು. ಎರಡು ಜೊತೆ ರಿಬ್ಬನ್ನಿನಲ್ಲಿ ಒಂದು, ಬಳೆಯಲ್ಲಿ ಅರ್ಧ ಡಜನ್, ಡಬ್ಬಿಯೊಳಗಿನ ಶೇಂಗಾ ಉಂಡೆ. ಲೆಕ್ಕ ಹಾಕಿ ನೋಡಿದರೆ ಎಲ್ಲವೂ ತಿಂಗಳ ಎರಡನೇ ಭಾನುವಾರದ ಹಿಂದುಮುಂದು. ಆ ದಿನ ಸುನಿತಾ ಬಂದು ಸ್ಫೂರ್ತಿಯನ್ನು ಕರೆದುಕೊಂಡು ಹೋಗುತ್ತಿದ್ದಳು. ಕೇಳಿದರೆ ಹಂಪಮ್ಮ “ಟ್ಯೂಷನ್ನು” ಎನ್ನುತ್ತಿದ್ದಳು. ಟ್ಯೂಷನ್ನಿಗೆ ಬಳೆ ಯಾಕೆ? ಮಕ್ಕಳ ಕೈಯಲ್ಲೇ ಸಾಮಾನು ತರಿಸಿಕೊಳ್ಳುವ ಇವರು ಎಂಥವರು? ಇಷ್ಟು ದಿನಕ್ಕೆ ಆ ಇನ್ನೊಂದು ಕೈ ಸಿಕ್ಕಿತು ಎಂದು ಎರ್ರಿಯಪ್ಪನಿಗೆ ಖಾತ್ರಿಯಾಯಿತು.

ಮುಂದಿನ ಎರಡನೇ ಭಾನುವಾರ ಅವರಿಬ್ಬರೂ ಹೊಸಪೇಟೆಯಲ್ಲಿ ಹಂಪಿ ಬಸ್ ಹತ್ತಿದರು. ಎರ್ರಿಯಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಟಿ.ವಿ.ಎಸ್. ಗಾಡಿಯಲ್ಲಿ ಬಸ್ಸಿನ ಹೊಗೆ ಕುಡಿಯುತ್ತ ಹಿಂದೆ ಹೋದ. ಹಂಪಿಯಲ್ಲಿ ಇಳಿದು ಅವರು ಹೊಳೆ ದಂಡೆಯ ಕಡೆ ನಡೆದರು. ಅಲ್ಲಿ ಒಂದು ಕಲ್ಲು ಮಂಟಪದ ನೆರಳಲ್ಲಿ ಒಬ್ಬ ಹೆಂಗಸು, ಜೊತೆಗೆ ಆರೇಳು ವರ್ಷದ ಹುಡುಗಿ ಕಾಯುತ್ತ ಕುಳಿತಿದ್ದರು. ಆ ಮಗು ಓಡಿಬಂದು ಸ್ಫೂರ್ತಿಯ ಸೊಂಟ ತಬ್ಬಿತು.

ಎರ್ರಿಯಪ್ಪ ಕಂಬದ ಮರೆಯಲ್ಲಿ ನಿಂತ. ಸ್ಫೂರ್ತಿ ಮಗುವನ್ನು ಮುಂದೆ ಕೂರಿಸಿಕೊಂಡು ಕಟ್ಟಿದ್ದ ಜಡೆ ಬಿಚ್ಚಿ, ಬೈತಲೆ ತೆಗೆದು, ಎರಡು ಜಡೆ ಹೆಣೆದಳು. ಕಾಣೆಯಾಗಿದ್ದ ರಿಬ್ಬನ್ ಕಟ್ಟಿದಳು. ಬಳೆ ತೊಡಿಸಿದಳು. ಉಂಡೆ ಮುರಿದು ದೊಡ್ಡ ಪಾಲು ಮಗುವಿನ ಬಾಯಿಗಿಟ್ಟಳು. ಆಮೇಲೆ ಚೀಲದಿಂದ ಪುಸ್ತಕ ತೆಗೆದು ಬೆರಳಿಟ್ಟು ಓದಿ ಹೇಳತೊಡಗಿದಳು. ಒಂದೂ ಅಕ್ಷರ ತಪ್ಪಲಿಲ್ಲ.

ಅವನು ಮರೆಯಿಂದ ಈಚೆ ಬಂದ. ಸ್ಫೂರ್ತಿಯ ಮುಖ ಬಿಳಿಚಿತು. ಮಗುವನ್ನು ಬೆನ್ನ ಹಿಂದೆ ಸರಿಸಿಕೊಂಡಳು.

“ನನ್ನ ವಾಪಸ್ ಕಳಸ್ತೀರೇನ್ ತಾತ?”

ಅವನು ತಲೆಯ ಟವೆಲ್ ಬಿಚ್ಚಿದ. “ಯಾವೋನು ಹೇಳಿದ್ದು ಹಂಗ?” ಎಂದು ಗದರಿದ.

ಸುನಿತಾ ಬೆರಗಾಗಿ ಹೇಳಿದಳು: “ಈಕಿ ತಂಗಿ ರೀ, ಭಾಗ್ಯ. ಇಬ್ಬರನ್ನೂ ಒಂದ ಕಡೆ ಇಟ್ಕೊಳ್ಳೋ ಮನಿ ಸಿಗಲಿಲ್ಲ. ಸಣ್ಣಾಕಿ ಕಂಪ್ಲಿಯಾಗ ಈ ಹುಸೇನಮ್ಮನವ್ರ ಹತ್ರ ಅದಾಳ. ಅಕ್ಕ ತಂಗಿ ದೂರ ಆಗಬಾರ್ದಂತ ತಿಂಗಳಿಗೊಮ್ಮೆ ನಾವು ಕರ್ಕೊಂಡು ಬರ್ತೀವಿ. ಹಂಪಮ್ಮನವ್ರು ಸಹಿ ಮಾಡ್ಯಾರಲ್ರಿ. ನಿಮಗ ಗೊತ್ತಿಲ್ಲೇನು?”

ಎರ್ರಿಯಪ್ಪ ಕಲ್ಲಿನ ಮೇಲೆ ಕುಳಿತ. ಭಾಗ್ಯ ಅಕ್ಕನ ಬೆನ್ನಿನಿಂದ ಇಣುಕಿ ಕೇಳಿದಳು, “ಯಾರಕ್ಕಾ ಇವ್ರು?”

ಸ್ಫೂರ್ತಿ ತಂಗಿಯ ರಿಬ್ಬನ್ ಸರಿಮಾಡುತ್ತ, “ನಮ್ಮ ಮನಿ ತಾತ” ಎಂದಳು.

ಮನೆಗೆ ಬಂದವನೇ ಹೆಂಡತಿಯ ಮೇಲೆ ಹಾರಿಬಿದ್ದ. “ನನಗ್ಯಾಕ ಹೇಳಲಿಲ್ಲ?”

ಹಂಪಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. “ಹೇಳಿದ್ರ ಏನಂತಿದ್ರಿ? ಒಬ್ಬಾಕಿನ್ನ ತೋರಿಸಿ ಇಬ್ಬರನ್ನ ತಲಿಗೆ ಕಟ್ಟಾಕ ಬಂದಾರ ಅಂತಿದ್ರಿ. ಹುಡುಗಿ ಬರೋಕಿಂತ ಮೊದ್ಲೇ ವಾಪಸ್ ಹೋಗ್ತಿದ್ಲು. ಆಕೀಗೂ ನಾನ ಹೇಳಿದ್ದೆ, ತಾತಗ ಹೇಳಬ್ಯಾಡ ಅಂತ.”

ಅವನು ಹಾಗೆಯೇ ಅನ್ನುತ್ತಿದ್ದ. ಅದು ಅವನಿಗೂ ಗೊತ್ತಿತ್ತು. ತನ್ನ ಅನುಮಾನಕ್ಕೆ ಅಂಜಿ ಒಂದು ಮಗು ಒಡಹುಟ್ಟಿದವಳ ಹೆಸರನ್ನೇ ಒಂದು ವರ್ಷ ಬಾಯೊಳಗೆ ಇಟ್ಟುಕೊಂಡಿತ್ತು ಎಂಬುದು ಅವನನ್ನು ಬಹಳ ದಿನ ಕೊರೆಯಿತು.

ಅಂದಿನಿಂದ ಎರಡನೇ ಭಾನುವಾರ ಅವನೇ ಗಾಡಿಯಲ್ಲಿ ಸ್ಫೂರ್ತಿಯನ್ನು ಕರೆದೊಯ್ದ. ಬೇಸಿಗೆ ರಜೆಯಲ್ಲಿ ಭಾಗ್ಯ ಹತ್ತು ದಿನ ಇವರ ಮನೆಗೆ ಬರುವಂತೆ ಸಮಿತಿಯ ಒಪ್ಪಿಗೆ ಕೊಡಿಸಿದ್ದು ಟ್ರಸ್ಟಿನವರೇ. ದರೋಜಿಯ ಕರಡಿಧಾಮ ತೋರಿಸಿದ್ದು ಎರ್ರಿಯಪ್ಪ. ಸ್ಫೂರ್ತಿ ಹತ್ತನೇ ಕ್ಲಾಸು ಪಾಸಾದಳು, ಪಿಯುಸಿ ಮುಗಿಸಿದಳು, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದಳು. ಅಷ್ಟರಲ್ಲಿ ಹದಿನೆಂಟು ತುಂಬಿತು. ಇನ್ನು ಟ್ರಸ್ಟಿನವರು ಕೈಬಿಡುತ್ತಾರೆ ಎಂದು ಅವನು ಕಾದ. ಟ್ರಸ್ಟ್ ಅವಳಿಗೆ ಹಾಸ್ಟೆಲ್ ಗೊತ್ತುಮಾಡಿತು, ಪುಸ್ತಕ ಕೊಡಿಸಿತು. ತಾಳಲಾರದೆ ಸುನಿತಾಳನ್ನು ಕೇಳಿಯೇಬಿಟ್ಟ.

“ಕಾನೂನಿನ ಪ್ರಕಾರ ಮುಗೀತಲ್ಲಮ್ಮ. ಇನ್ನಾ ಯಾಕ ಬರ್ತೀರಿ?”

“ನಿಮ್ಮ ಮಗಳಿಗೆ ಹದಿನೆಂಟು ತುಂಬಿದ ದಿನ ನೀವು ಊಟಕ್ಕ ಕರಿಯೋದು ಬಿಟ್ರೇನ್ರಿ?”

ಎರ್ರಿಯಪ್ಪ ಮರುದಿನವೇ ಗಾಡಿ ತೆಗೆದ. ಹಾಸ್ಟೆಲಿಗೆ ಹೋಗಿ ಬಾಗಿಲುಗಳ ಚಿಲಕ ಎಳೆದೆಳೆದು ನೋಡಿ, ಒಂದು ಸಡಿಲವಿದ್ದದ್ದನ್ನು ತಾನೇ ಬಿಗಿ ಮಾಡಿ ಬಂದ.

ಈಚೆಗೆ ಸುನಿತಾ ಅವನನ್ನು ಒಂದು ಕೆಲಸಕ್ಕೆ ಕರೆದಳು. ಮಕ್ಕಳನ್ನು ಸಾಕುತ್ತೇವೆಂದು ಮುಂದೆ ಬರುವವರ ಮನೆಗೆ ಸಮಿತಿಗಿಂತ ಮೊದಲು ಟ್ರಸ್ಟಿನವರು ಒಮ್ಮೆ ಹೋಗಿ ನೋಡುತ್ತಾರೆ. “ನಮಗ ಎಲ್ಲಾರೂ ಒಳ್ಳೇರಂಗ ಕಾಣ್ತಾರ್ರಿ. ನಿಮ್ಮಂಥೋರು ಒಬ್ರು ಬೇಕು,” ಎಂದಳು.

ಮೊದಲು ಹೋದದ್ದು ಸಂಡೂರಿನ ಒಂದು ಮನೆಗೆ. ಎರ್ರಿಯಪ್ಪ ಮಗು ಮಲಗುವ ಜಾಗ ಕೇಳಿದ, ಬಚ್ಚಲಿಗೆ ಒಳಗಿನಿಂದ ಚಿಲಕವಿದೆಯೇ ನೋಡಿದ, ಮನೆಗೆ ಯಾರು ಯಾರು ಬಂದುಹೋಗುತ್ತಾರೆಂದು ಎರಡೆರಡು ಸಲ ವಿಚಾರಿಸಿದ. ಮನೆಯ ಯಜಮಾನನಿಗೆ ರೇಗಿತು.

“ಏನ್ರೀ, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು?”

“ಇಲ್ರಿ,” ಎಂದ ಎರ್ರಿಯಪ್ಪ. “ಮೊದ್ಲು ಒಂದು ಚೊಂಬು ನೀರು ಕೊಡ್ರಿ. ಕುಂತು ಮಾತಾಡೋಣು.”